ಬಿಸ್ಲಪ್ಪ

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಮಂಡ್ಯ ಸೀಮೆಯ ತಂಡಗಳಲ್ಲಿ ಕೆಲವರು ಇರಲೇಬೇಕು. ಕಾಲು ನೋವು ಕಾಲು ನೋವು ಎನ್ನುತ್ತಲೇ ಎಲ್ಲರಿಗಿಂತ ಮೊದಲು ಅರವಟಿಗೆ ಮುಟ್ಟುವವನು ಒಬ್ಬ. ಮೊಸರನ್ನ ಹೋದ ವರ್ಷದ್ದೇ ಚೆನ್ನಾಗಿತ್ತು ಎನ್ನುವವನು ಇನ್ನೊಬ್ಬ. ಈಚೆಗೆ ಇವರ ಸಾಲಿಗೆ ಮತ್ತೊಬ್ಬ ಸೇರಿದ್ದಾನೆ. ಬೆನ್ನ ಬ್ಯಾಗಿಗೆ ಮಡಚುವ ಸೋಲಾರ್ ಹಲಗೆ ನೇತುಹಾಕಿಕೊಂಡು ಬರುವವನು. ಮದ್ದೂರು ಕಡೆಯ ತಂಡದಲ್ಲಿ ಅವನನ್ನು ಬಿಸ್ಲಪ್ಪ ಅನ್ನುತ್ತಾರೆ. ಬೇರೆ ತಂಡಗಳಲ್ಲಿ ಹೆಸರು ಬೇರೆ ಇದ್ದೀತು, ಆಸಾಮಿ ಒಬ್ಬನೇ.

ಹೊರಡುವ ದಿನ ಅವನ ಗತ್ತು ನೋಡಬೇಕು. "ನೀವೆಲ್ಲ ಹೋಟ್ಲು ಹೋಟ್ಲಲ್ಲಿ ಪ್ಲಗ್ ಉಡುಕ್ಕಂಡ್ ಸಾಯ್ರಿ ಕಣ್ರಲಾ. ನಂಗೆ ಮೇಲಿರೋ ಸೂರ್ಯಪರಮಾತ್ಮನೇ ಪ್ಲಗ್ಗು!" ಹಲಗೆಯ ಮೇಲೆ 21 ವ್ಯಾಟ್ ಎಂದು ಬರೆದಿದೆ. ಅದು ಕಾರ್ಖಾನೆಯಲ್ಲಿ 25 ಡಿಗ್ರಿಯ ತಂಪಿನಲ್ಲಿಟ್ಟು ಅಳೆದ ಲೆಕ್ಕ, ಬಿಸಿಲಲ್ಲಿ ಕಾದಷ್ಟೂ ಹಲಗೆ ಕೊಡುವ ಕರೆಂಟು ಇಳಿಯುತ್ತದೆ, ಕೈಗೆ ಸಿಗುವುದು 12 ವ್ಯಾಟೋ 15 ವ್ಯಾಟೋ ಎಂಬುದನ್ನೆಲ್ಲ ಅವನೇ ವಿವರಿಸುತ್ತಾನೆ. ಅವನ ವಿದ್ಯೆಯಲ್ಲಿ ಕೊರತೆಯೇ ಇಲ್ಲ. ಕೊರತೆ ಇರುವುದು ರಸ್ತೆಯಲ್ಲಿ.

ಮದ್ದೂರಿನಿಂದ ಮಳವಳ್ಳಿ, ಮಳವಳ್ಳಿಯಿಂದ ಕೊಳ್ಳೇಗಾಲ, ದಾರಿಯೆಲ್ಲ ತೆಂಕಣಕ್ಕೆ. ಶಿವರಾತ್ರಿ ಹೊತ್ತಿಗೆ ಸೂರ್ಯನೂ ತೆಂಕಣದ ಕಡೆಗೇ ವಾಲಿರುತ್ತಾನೆ. ಹೀಗಾಗಿ ಪರಮಾತ್ಮ ಬಿಸ್ಲಪ್ಪನ ಮುಖ ಸುಡುತ್ತಾನೆ, ಬೆನ್ನಿನ ಹಲಗೆ ಬಡಗಣಕ್ಕೆ ಮುಖಮಾಡಿ ಅವನದೇ ನೆರಳಲ್ಲಿ ತಣ್ಣಗೆ ಮಲಗಿರುತ್ತದೆ. ಮಳವಳ್ಳಿ ಬರುವಷ್ಟರಲ್ಲಿ ಮೂಗು ಕೆಂಡದ ಹಾಗಾಗಿತ್ತು, ಫೋನು ಮಾತ್ರ ಒಂದು ಪರ್ಸೆಂಟೂ ಏರಿರಲಿಲ್ಲ. "ಇಂದುಕ್ ತಿರುಕ್ಕಂಡ್ ನಡಿ ಅಣ್ಣೋ" ಎಂದ ಒಬ್ಬ ಹುಡುಗ. ಬಿಸ್ಲಪ್ಪ ಅದನ್ನೂ ಒಂದು ಗಳಿಗೆ ಯೋಚಿಸಿ, ಕೊನೆಗೆ ಹಲಗೆಯನ್ನು ಎದೆಗೆ ಕಟ್ಟಿಕೊಂಡ. ಕಾಲು ಕಾಣದೆ ಎರಡು ಸಲ ಎಡವಿ, ಮತ್ತೆ ಬೆನ್ನಿಗೇ ಏರಿಸಿದ.

ಮಾದಪ್ಪನ ಪಾದಯಾತ್ರೆಗೆ ಅದರದೇ ಒಂದು ಬುದ್ಧಿ ಇದೆ. ಕೋಳಿ ಕೂಗುವ ಮುಂಚೆ ಎದ್ದು ಉಘೇ ಅನ್ನುತ್ತ ಹೊರಡು, ಬಿಸಿಲೇರಿದರೆ ಹುಣಸೆಮರದಡಿ ಟವಲು ಹಾಸಿ ಉರುಳು, ಇಳಿಹೊತ್ತಿಗೆ ಮತ್ತೆ ನಡೆ. ಎಲ್ಲರ ಗೊರಕೆ ಶುರುವಾಗುವ ಹೊತ್ತೇ ಬಿಸ್ಲಪ್ಪನ ಡ್ಯೂಟಿ. ಫೋನಿನ 5000 ಎಂಎಎಚ್ ಬ್ಯಾಟರಿ ತುಂಬಲು ಚುರುಗುಟ್ಟುವ ಬಿಸಿಲಿದ್ದರೂ ಎರಡು ತಾಸಿಗೆ ಕಡಿಮೆ ಇಲ್ಲ. ಹಲಗೆಯನ್ನು ಮೋರಿಕಟ್ಟೆಯ ಮೇಲೆ ಬಿಚ್ಚಿ, ಸೂರ್ಯ ಸರಿದಂತೆಲ್ಲ ಸರಿಸುತ್ತಾನೆ. ಮರದ ಒಂದು ರೆಂಬೆಯ ನೆರಳು ಅಡ್ಡ ಬಿದ್ದರೂ ಸಾಕು, ಸಾಲಾಗಿ ಪೋಣಿಸಿದ ಬಿಲ್ಲೆಗಳಲ್ಲಿ ಕರೆಂಟೇ ಬಿದ್ದುಹೋಗುತ್ತದೆ. ಅದು ಸರಿಯಾಯಿತು ಅನ್ನುವಾಗ ಫೋನು ಕಾದು, ತಣ್ಣಗಾಗುವ ತನಕ ಚಾರ್ಜು ತಗೊಳ್ಳಲ್ಲ ಎಂದು ಮುಷ್ಕರ ಹೂಡುತ್ತದೆ. ಹಲಗೆಗೆ ಬಿಸಿಲು ಬೇಕು, ಫೋನಿಗೆ ನೆರಳು ಬೇಕು. ಆ ನೆರಳು ಬಿಸ್ಲಪ್ಪನೇ! ಬಾಗಿ, ಟವಲು ಹರವಿ ಹಿಡಿದು, ಫೋನಿಗೆ ಚಪ್ಪರವಾಗಿ ನಿಂತಿರುತ್ತಾನೆ.

"ಪವರ್ ಬ್ಯಾಂಕ್‌ನ ಮನೇಲೇ ತುಂಬುಸ್ಕಂಡ್ ಬಂದಿದ್ರೆ ಆಗ್ತಿರ್ಲಿಲ್ವಾ?" ಎಂದು ಕೇಳಿದವರಿಗೆ ಅವನ ಉತ್ತರ, "ಅದು ಮನೆ ಕರೆಂಟು ಕಣ್ಲಾ. ಪುಣ್ಯ ಬರಲ್ಲ."

ವಾರಗಟ್ಟಲೆ ಊರೇ ಸಿಗದ ಹಿಮಾಲಯದಲ್ಲಿ ಇಂಥ ಹಲಗೆಗೆ ಬೆಲೆ ಉಂಟು, ಅದನ್ನು ಒಪ್ಪಲೇಬೇಕು. ಅಲ್ಲೂ ಬಲ್ಲವರು ಹಗಲಲ್ಲಿ ಪವರ್ ಬ್ಯಾಂಕಿಗೆ ತುಂಬಿಸಿ ರಾತ್ರಿ ಅದರಿಂದ ಫೋನಿಗೆ ಬಗ್ಗಿಸಿಕೊಳ್ಳುತ್ತಾರೆ. ಆದರೆ ಇದು ಮಳವಳ್ಳಿ ತಾಲ್ಲೂಕು ಸ್ವಾಮಿ. ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ನೆಲ. ಬೆಂಗಳೂರಿಗೇ ಇಲ್ಲಿಂದ ದೀಪ ಹೋದದ್ದು 1905ರಲ್ಲಿ. ಶಿವನಸಮುದ್ರದ ತಿರುವಿನಲ್ಲಿ ಟೀ ಅಂಗಡಿಯವನು ತಾನಾಗಿಯೇ ಬೋರ್ಡು ತೋರಿಸಿ "ಆಕ್ಕಳಿ ಅಣ್ಣ" ಅಂದ. ತಂಡದ ಫೋನುಗಳೆಲ್ಲ ಅಲ್ಲಿ ಜೋತುಬಿದ್ದವು. ಬಿಸ್ಲಪ್ಪ ಟೀಯನ್ನೂ ಬಿಸಿಲಲ್ಲೇ ನಿಂತು ಕುಡಿದ.

ಈ ಕಡೆಯವರಿಗೆ ಸೋಲಾರ್ ಅಂದರೆ ಮೊದಲು ನೆನಪಾಗುವುದು ಬೇಲಿ. ಕಾಡಂಚಿನ ಹೊಲಗಳಿಗೆ ಆನೆ ನುಗ್ಗದಂತೆ ಎಳೆದ ತಂತಿ, ಸೆಕೆಂಡಿಗೊಂದು ಸಲ ಸಾವಿರಾರು ವೋಲ್ಟಿನ ಏಟು ಕೊಡುತ್ತದೆ. ಅರವಟಿಗೆಯಲ್ಲಿ ಮಜ್ಜಿಗೆ ಹಂಚುತ್ತಿದ್ದ ಅಜ್ಜಿ ಲೋಟ ಕೊಡಲು ಬಂದವಳು ಅವನ ಹಲಗೆ ಕಂಡು ಮಾರು ದೂರ ನಿಂತಳು.

"ಮುಟ್ಟುದ್ರೆ ಒಡೀತದಾ ಮಗಾ?"

"ಇಲ್ಲ ಕಣಜ್ಜಿ, ಬರೀ ಐದು ವೋಲ್ಟು."

"ಮತ್ ಯಾಕಪ್ಪ ಬೆನ್ಗ್ ಕಟ್ಕಂಡಿದ್ದೀಯೆ? ಇಂದ್ಗಡೆಯಿಂದ ಆನೆ ಬತ್ತವಾ?"

ಕೊಳ್ಳೇಗಾಲ ದಾಟಿದರೆ ದಾರಿ ಮೂಡಣಕ್ಕೆ ತಿರುಗುತ್ತದೆ. ಹನೂರಿನ ಹತ್ತಿರ ಸಂಜೆ ಬಿಸಿಲು ಬೆನ್ನಿಗೆ ಬಿದ್ದು, ಹಲಗೆಯ ಪುಟ್ಟ ಕೆಂಪು ದೀಪ ಹತ್ತಿದಾಗ ಬಿಸ್ಲಪ್ಪ ಹಾಕಿದ ಉಘೇ ತಂಡದ ಮುಂದಿನವರಿಗೂ ಕೇಳಿಸಿತು. ಅವನ ಖುಷಿಗೆ ಸಂಜೆಯ ಆಯಸ್ಸು. ಕೌದಳ್ಳಿ ಬಿಟ್ಟ ಮೇಲೆ ಕಾಡು. ತಾಳುಬೆಟ್ಟದಿಂದ ಹತ್ತುವಾಗ ಕತ್ತಲು. ದಾರಿಗೆ ಟಾರ್ಚ್ ಹಿಡಿದವರೆಲ್ಲ ಟೀ ಅಂಗಡಿಯ ಕರೆಂಟಿನವರು.

ವಾಪಸು ಬರುವಾಗ ಬಸ್ಸು. ಹೊತ್ತೇರಿದ ಮೇಲೆ ಬೆಟ್ಟದಿಂದ ಹೊರಟ ಬಸ್ಸಿಗೆ ಮಳವಳ್ಳಿಯವರೆಗೂ ಬಿಸಿಲು ಎಡಗಡೆಗೆ. ಜನ ಬಲಗಡೆಗೆ ಟವಲು ಎಸೆದು ಸೀಟು ಹಿಡಿಯುತ್ತಿದ್ದರೆ, ಬಿಸ್ಲಪ್ಪ ಎಡಗಿಟಕಿಯಲ್ಲಿ ಯಾರ ಪೈಪೋಟಿಯೂ ಇಲ್ಲದೆ ಕೂತು ಗಾಜಿಗೆ ಹಲಗೆ ಒರಗಿಸಿದ. ಪಕ್ಕದಲ್ಲಿ ಬೇರೆ ಸೀಟು ಸಿಗದೆ ಬಂದು ಕೂತ ಹೆಂಗಸೊಬ್ಬಳು ಮಾತಿಲ್ಲದೆ ಅದರ ನೆರಳಿಗೆ ಸರಿದು ತೂಕಡಿಸಿದಳು. ಹನೂರಿನಲ್ಲಿ ಎಚ್ಚರವಾಗಿ ಹಲಗೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಇನ್ನೊಂದ್ ಮಡಿಕೆ ಐತಲ್ಲ, ಅದ್ನೂ ಒಸಿ ಬಿಚ್ಚಪ್ಪ. ಕಾಲ್ಗೆ ಬಿಸ್ಲು ಬೀಳ್ತದೆ."