ಶ್ರೀಮಾನ್ ಐ70.0 ಅವರಿಗೊಂದು ಬಹಿರಂಗ ಪತ್ರ

ಹಿರೇಗುಂಟನೂರು,
ಚಿತ್ರದುರ್ಗ ತಾಲ್ಲೂಕು

ಶ್ರೀಮಾನ್ ಐ70.0 ಅವರ ಸನ್ನಿಧಾನಕ್ಕೆ,

ನನ್ನ ಗುರುತು ತಮಗೆ ಸಿಗಲಾರದು. ತಮ್ಮ ಗುರುತು ನನಗೆ ಚೆನ್ನಾಗಿಯೇ ಇದೆ. ಅಮೆರಿಕದ ಮುದುಕ ಮುದುಕಿಯರ ಆಸ್ಪತ್ರೆ ಕಡತಗಳನ್ನು ರಾತ್ರಿ ಪಾಳಿಯಲ್ಲಿ ತಿರುವಿ ಹಾಕಿ, ಅದರಲ್ಲಿ ಅಡಗಿ ಕೂತ ತಮ್ಮನ್ನು ಹೊರಗೆಳೆಯುವ ಕೂಲಿ ನಾನು. ಇದಕ್ಕೆ ಮೆಡಿಕಲ್ ಕೋಡಿಂಗ್ ಅನ್ನುತ್ತಾರೆ. ನಾನು ಡಾಕ್ಟರೋ ಕಂಪ್ಯೂಟರಿನವನೋ ಅನ್ನುವುದು ನಮ್ಮೂರ ಕಟ್ಟೆಯ ಮೇಲೆ ಇನ್ನೂ ತೀರ್ಮಾನವಾಗಿಲ್ಲ.

ಓದುಗರಿಗೆ ತಮ್ಮ ಪರಿಚಯ ಮಾಡಿಕೊಡಬೇಕಲ್ಲ. ವಿಶ್ವ ಆರೋಗ್ಯ ಸಂಸ್ಥೆ ರೋಗಗಳಿಗೆಲ್ಲ ನಂಬರು ಹಾಕಿದ ಪಟ್ಟಿಯ ಹತ್ತನೇ ಪರಿಷ್ಕರಣೆಯಲ್ಲಿ, ಮಹಾಪಧಮನಿ ಪೆಡಸಾಗುವ ಕಾಯಿಲೆ ತಾವು. ಹೃದಯದಿಂದ ಹೊರಟು ಹೊಟ್ಟೆಗಿಳಿಯುವ ಹೆಬ್ಬೆರಳು ದಪ್ಪದ ರಕ್ತನಾಳದ ಒಳಗೋಡೆಗೆ ಕೊಬ್ಬು ಕೂತು, ಆಮೇಲೆ ಅದಕ್ಕೆ ಸುಣ್ಣ ಕಟ್ಟುತ್ತದೆ. ರಬ್ಬರಿನಂತೆ ಹಿಗ್ಗಿ ಕುಗ್ಗಬೇಕಾದದ್ದು ಕಬ್ಬಿಣದ ಪೈಪಿನಂತಾಗುತ್ತದೆ. ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ತಮಗೆ ಅಥೆರೋಸ್ಕ್ಲೀರೋಸಿಸ್ ಎಂದು 1904ರಲ್ಲಿ ನಾಮಕರಣ ಮಾಡಿದವರು ಜರ್ಮನಿಯ ಫೆಲಿಕ್ಸ್ ಮಾರ್ಷಾಂಡ್. ಗ್ರೀಕಿನಲ್ಲಿ ಅಥೆರೆ ಅಂದರೆ ಗಂಜಿ, ಸ್ಕ್ಲೀರೋಸಿಸ್ ಅಂದರೆ ಗಟ್ಟಿಯಾಗುವುದು. ಇದನ್ನು ನಮ್ಮಜ್ಜಿಗೆ ಬಿಡಿಸಿ ಹೇಳಿದ್ದೆ. "ಗಂಜಿ ಗಟ್ಟಿಯಾದ್ರೆ ಮುದ್ದೆ ಆಗ್ತೈತೆ ಕಣೋ. ಅದಕ್ಯಾಕೆ ಇಷ್ಟು ದೊಡ್ ಹೆಸ್ರು?" ಅಂದಿದ್ದಳು.

ನಮ್ಮ ಸೀಮೆಗೆ ಅಗೆಯುವ ಕಸುಬು ಹೊಸದಲ್ಲ. ಭೀಮಸಮುದ್ರ, ಮೇಗಳಹಳ್ಳಿ ಕಡೆಯ ಗುಡ್ಡಗಳಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಎಬ್ಬಿಸಿದ ಕೆಂಧೂಳು ಅಡಿಕೆ ಗರಿಯ ಮೇಲೆ ಕೂತದ್ದನ್ನು ನೋಡುತ್ತ ಬೆಳೆದವರು ನಾವು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿ ನಿಲ್ಲಿಸಿತು. ಆಮೇಲೆ ತಪ್ಪಿನ ಪ್ರಮಾಣ ನೋಡಿ ಗಣಿಗಳಿಗೆ ಎ, ಬಿ, ಸಿ ಅಂತ ಅಕ್ಷರ ಹಚ್ಚಿದರು. ನಾನು ಗುಡ್ಡ ಬಿಟ್ಟು ಎದೆ ಅಗೆಯಲು ಹೋದೆ. ಅಮೆರಿಕದಲ್ಲಿ ವೃದ್ಧರ ವಿಮೆಯನ್ನು ಖಾಸಗಿ ಕಂಪನಿಗಳಿಗೂ ವಹಿಸಿದ್ದಾರೆ, ತಲೆಗೆ ಇಷ್ಟು ಅಂತ ಸರ್ಕಾರವೇ ದುಡ್ಡು ಕೊಡುತ್ತದೆ. ತಲೆಯೊಳಗೆ, ಎದೆಯೊಳಗೆ ರೋಗ ಹೆಚ್ಚಿದ್ದಷ್ಟೂ ದುಡ್ಡು ಹೆಚ್ಚು. ಒಬ್ಬ ಮುದುಕಿಯ ಕೆಮ್ಮಿಗೆಂದು ತೆಗೆದ ಎಕ್ಸ್‌ರೇಯ ಮೂಲೆಯಲ್ಲಿ ತಾವು ಚೂರು ಸುಣ್ಣವಾಗಿ ಕಂಡಿರಿ, ವೈದ್ಯರು ಅದನ್ನು ತಮ್ಮ ಕೈಯಾರೆ ಟಿಪ್ಪಣಿಗೆ ಇಳಿಸಿದರು ಅನ್ನಿ. ದುಡ್ಡಿನ ಲೆಕ್ಕಕ್ಕೆ ಹಿಡಿಯುವ ಆ ಮುದುಕಿಯ ರೋಗದ ತೂಕಕ್ಕೆ 0.288 ಸೇರುತ್ತಿತ್ತು. ಅವಳಿಗೆ ಔಷಧ ಬದಲಾಗಲಿ ಬಿಡಲಿ, ಅವಳ ಬೆಲೆಯಂತೂ ಬದಲಾಗುತ್ತಿತ್ತು. ಅದಿರಿಗೂ ಸುಣ್ಣಕ್ಕೂ ಇಷ್ಟೇ ವ್ಯತ್ಯಾಸ: ಅದಿರಿಗೆ ಲಾರಿ ಬೇಕು.

ತಮ್ಮ ಮನೆಯ ಮಡಿ ಮೈಲಿಗೆ ನಮ್ಮೂರ ಮಠದಲ್ಲೂ ಇಲ್ಲ. 'ಇರಬಹುದು', 'ಶಂಕೆಯಿದೆ' ಅಂತ ಹೊರರೋಗಿ ಚೀಟಿಯಲ್ಲಿ ಬರೆದರೆ ತಾವು ಒಳಗೆ ಬರುವಂತಿಲ್ಲ. ಬರೀ ಎಕ್ಸ್‌ರೇ ವರದಿ ನೋಡಿ ನಾನು ತಮ್ಮನ್ನು ಕರೆಯುವಂತಿಲ್ಲ. ಹಾಳೆ ಹಾಳೆಗೂ ರೋಗಿಯ ಹೆಸರು, ದಿನಾಂಕ ಬೇಕು, ಟಿಪ್ಪಣಿಗೆ ಪದವಿ ಸಮೇತ ವೈದ್ಯರ ಸಹಿ ಬೇಕು. ಎಲ್ಲಕ್ಕಿಂತ ಮಜಾ ಜನವರಿ 1. ಅವತ್ತು ಎಲ್ಲ ರೋಗವೂ ಲೆಕ್ಕದಿಂದ ಅಳಿಸಿಹೋಗುತ್ತದೆ. ನಲವತ್ತು ವರ್ಷ ಕಟ್ಟಿದ ಸುಣ್ಣ ಒಂದೇ ರಾತ್ರಿಯಲ್ಲಿ ಮಾಯ! ಮತ್ತೆ ಯಾರಾದರೂ ವೈದ್ಯರು ಹೊಸದಾಗಿ ಬರೆಯುವವರೆಗೆ ಅಮೆರಿಕದ ಮುದುಕರೆಲ್ಲ ಹದಿನಾರರ ಹುಡುಗರು.

ಈ ನ್ಯಾಯದಲ್ಲಿ ಈಜಿಪ್ಟಿನ ಮಮ್ಮಿಗಳಿಗೂ ಏನೂ ಆಗಿರಲಿಲ್ಲ. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದವರು ಈಜಿಪ್ಟ್, ಪೆರು ಮತ್ತಿತರ ಕಡೆಯ 137 ಮಮ್ಮಿಗಳನ್ನು ಸಿ.ಟಿ. ಸ್ಕ್ಯಾನಿಗೆ ಮಲಗಿಸಿದರು. 47ರಲ್ಲಿ ರಕ್ತನಾಳ ಪೆಡಸಾದ ಗುರುತು. ಆದರೆ ಸಹಿ ಮಾಡಿದ ಟಿಪ್ಪಣಿ ಎಲ್ಲಿದೆ ಸ್ವಾಮಿ?

ಇನ್ನು ನಮ್ಮಜ್ಜಿಯ ವಿಷಯ. ಕೆಮ್ಮು ಬಿಡಲಿಲ್ಲವೆಂದು ಒಂದು ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆಸಿದ್ದೆವು. ವರದಿಯಲ್ಲಿ 'ಅಯೋರ್ಟಿಕ್ ನಕಲ್ ಕ್ಯಾಲ್ಸಿಫಿಕೇಷನ್' ಅಂತ ಇತ್ತು. ಮಹಾಪಧಮನಿ ಬಾಗುವ ಗೆಣ್ಣಿನಲ್ಲಿ ಸುಣ್ಣ ಕಟ್ಟಿದೆ ಅಂತ ಅರ್ಥ, ಸಾಕ್ಷಾತ್ ತಾವೇ. ತಾಲ್ಲೂಕು ಕಚೇರಿಗೆ ಅಲೆದು ಸವೆದ ನಮ್ಮ ಚಿಕ್ಕಪ್ಪ ಅದನ್ನೋದಿ ರೇಗಿದ: "ಇನ್ನೂರೈವತ್ತು ಇಸ್ಕಂಡು ನಕಲು ಕೊಟ್ಟಾರಲ್ಲೋ! ಅಸಲು ಎಲ್ಲೈತೆ?" ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ವಯಸ್ಸಾಯ್ತಲ್ಲಮ್ಮ" ಅಂದು ಕೆಮ್ಮಿನ ಔಷಧ ಬರೆದರು. ತಮ್ಮ ಹೆಸರೆತ್ತಲಿಲ್ಲ. ಎತ್ತಿದ್ದರೂ ಇಲ್ಲಿ ತಮಗೆ ನಯಾಪೈಸೆ ಗಿಟ್ಟುತ್ತಿರಲಿಲ್ಲ.

2020ರಲ್ಲಿ ಅಜ್ಜಿ ಮನೆಯಲ್ಲೇ ತೀರಿಕೊಂಡಳು. ಲಾಕ್‌ಡೌನಿಗೆ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದಿದ್ದ ನಾನೇ ಮರಣ ವರದಿ ತುಂಬಿಸಲು ಹೋದೆ. ಸಾವಿನ ಕಾರಣವನ್ನು ವೈದ್ಯರು ದೃಢೀಕರಿಸಿದ್ದಾರೆಯೇ? ಇಲ್ಲ. ಆ ವರ್ಷ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಹಾಗೆ ದೃಢೀಕರಿಸಿದ್ದು ಶೇ. 22.5 ಮಾತ್ರ. ತಂಬಾಕು ಜಗಿಯುತ್ತಿದ್ದರೆ ಎಷ್ಟು ವರ್ಷ, ಅಡಿಕೆ ಜಗಿಯುತ್ತಿದ್ದರೆ ಎಷ್ಟು ವರ್ಷ ಅಂತಲೂ ಆ ನಮೂನೆ ಕೇಳುತ್ತದೆ. ಭೀಮಸಮುದ್ರದ ಪಕ್ಕದ ಊರಿನವರಿಗೆ ಅಡಿಕೆ ಜಗಿಯುತ್ತಿದ್ದರೇ ಅಂತ ಕೇಳುವುದೆಂದರೆ! ಅಜ್ಜಿ ಅರವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಮೂರನ್ನೂ ಬಿಟ್ಟವಳಲ್ಲ. ಹೊಗೆಸೊಪ್ಪು ತಮ್ಮ ಖಾಸಾ ನೆಂಟನೆಂದು ನನಗೆ ಗೊತ್ತು. "ಸತ್ತೋರ ಮರ್ಯಾದೆ ಯಾಕೆ ಕಳೀತೀಯ, ಇಲ್ಲ ಅಂತ ಬರಿ" ಅಂದರು ಅತ್ತೆ. ಬರೆದೆ. ಕಾರಣದ ಜಾಗದಲ್ಲಿ 'ವಯೋಸಹಜ' ಅಂತ ಬಿತ್ತು. ತಮ್ಮ ಪಟ್ಟಿಯಲ್ಲಿ ಅದಕ್ಕೂ ನಂಬರಿದೆ, ಆರ್54. ಸಂಶೋಧಕರು ಇಂಥವಕ್ಕೆ ಕಸದ ಸಂಕೇತ ಅನ್ನುತ್ತಾರೆ. ಅದೇ ರಾತ್ರಿ ಎಂಟಕ್ಕೆ ತಾರಸಿ ಹತ್ತಿ, ಸಿಗ್ನಲ್ ಹಿಡಿದು, ತಮ್ಮನ್ನು ಹನ್ನೊಂದು ಕಡತಗಳಿಂದ ಅಗೆದು ತೆಗೆದೆ. ಹನ್ನೊಂದಕ್ಕೂ ಸಹಿ ಸರಿಯಾಗಿತ್ತು.

ಈಚೆಗೆ ತಮಗೂ ಕಷ್ಟಕಾಲ ಬಂತೆಂದು ಕೇಳಿ ವ್ಯಸನವಾಯಿತು. 2024ರಿಂದ ಅಮೆರಿಕ ಸರ್ಕಾರ ಹೊಸ ಲೆಕ್ಕ ತಂದು, ಮೂರು ವರ್ಷದಲ್ಲಿ ಹಂತ ಹಂತವಾಗಿ ತಮ್ಮನ್ನು ದುಡ್ಡಿನ ಪಟ್ಟಿಯಿಂದ ಕೈಬಿಟ್ಟಿತು. ಸುಣ್ಣ ಇದ್ದಲ್ಲೇ ಇದೆ, ಬೆಲೆ ಮಾತ್ರ ಸೊನ್ನೆ. ಅಲ್ಲಿಯವರೆಗೆ ಕಡತ ಕಡತದಲ್ಲೂ ತಮ್ಮನ್ನು ಹುಡುಕಿಸುತ್ತಿದ್ದ ನಮ್ಮ ಮೇಲಿನವರು ಈಗ ತಮ್ಮ ಹೆಸರು ಬಂದರೆ ಪುಟ ಮಗುಚುತ್ತಾರೆ.

ಹೇಗೂ ಬಿಡುವಾಗಿದ್ದೀರಲ್ಲ, ನಮ್ಮಜ್ಜಿಯ ಲೆಕ್ಕಕ್ಕೆ ಬನ್ನಿ ಅಂತ ಕರೆಯಲು ಈ ಪತ್ರ. ಪುರಾವೆಗೆ ಎಕ್ಸ್‌ರೇ ಹುಡುಕಿದೆ, ಗೋಡೆಯ ಮೊಳೆಯಲ್ಲಿ ಬರೀ ಕವರು ತೂಗುತ್ತಿತ್ತು. ವಿಚಾರಿಸಿದರೆ, 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಗ್ಗೆ ಕೇರಿಯ ಹುಡುಗರು ಫಿಲ್ಮನ್ನು ನಾಲ್ಕು ತುಂಡು ಮಾಡಿ ಹಂಚಿಕೊಂಡಿದ್ದರಂತೆ. ಹಾಗೆ ನೋಡಬಾರದು ಅಂತ ಕಣ್ಣಿನ ಡಾಕ್ಟರು ಎಷ್ಟು ಬಡಿದುಕೊಂಡರೂ ಕೇಳುವವರಾರು. ಕತ್ತರಿ ಕೊಟ್ಟವಳು ಅಜ್ಜಿಯೇ. ಮೂರು ತುಂಡು ಸಿಕ್ಕಿವೆ: ಎರಡರಲ್ಲಿ ಪಕ್ಕೆಲುಬು, ಒಂದರಲ್ಲಿ ಭುಜ. ಗೆಣ್ಣಿನ ತುಂಡು ಇಟ್ಟುಕೊಂಡ ಹುಡುಗ ಈಗ ದಾವಣಗೆರೆಯಲ್ಲಿ ಐಟಿಐ ಓದುತ್ತಿದ್ದಾನೆ. ಹಬ್ಬಕ್ಕೆ ಬಂದಾಗ ಇಸಿದು ಕಳಿಸುತ್ತೇನೆ. ಅದರ ಮೇಲೆ ಹೆಸರು, ದಿನಾಂಕ, ಸಹಿ ಯಾವುದೂ ಇರುವುದಿಲ್ಲ, ದಯಮಾಡಿ ತಿರಸ್ಕರಿಸಬಾರದಾಗಿ ವಿನಂತಿ.

ಇಂತಿ ತಮ್ಮ ಆಜ್ಞಾಧಾರಕ,
ರಾತ್ರಿ ಪಾಳಿಯವನು