ಏಳುನೂರು ಕುದುರೆಗಳ ಒಡೆಯ

ಅಮೆರಿಕದ ಮಸಲ್ ಕಾರ್ ಪ್ರಿಯರಲ್ಲಿ ಒಂದು ಪಂಗಡವಿದೆ. ಕಾರು ಚೆನ್ನಾಗಿ ಓಡುತ್ತಿದ್ದರೆ ಇವರಿಗೆ ನಿದ್ದೆ ಹತ್ತುವುದಿಲ್ಲ. ಓಡುತ್ತಿದೆ ಎಂದರೆ ಇನ್ನೂ ಒಂದಷ್ಟು ಕುದುರೆಗಳನ್ನು ಕಟ್ಟಲು ಜಾಗವಿದೆ ಎಂದೇ ಅವರ ಲೆಕ್ಕ. ದಾವಣಗೆರೆಯಲ್ಲಿ ಲೂನಾ ತಳ್ಳಿಕೊಂಡೇ ಕಾಲೇಜು ಮುಗಿಸಿ, ಈಗ ಡೆಟ್ರಾಯಿಟ್ ಬಳಿ ನೆಲೆಸಿರುವ ನನ್ನ ಭಾವಮೈದ ಈ ಪಂಗಡದವನು. ಅವನ ಕಾರು ಯಾವ ಕಂಪನಿಯದೆಂದು ಹೇಳಲಾರೆ. ಹೇಳಿದರೆ ಕಂಪನಿಗೆ ಅನ್ಯಾಯ. ಅವರು ಮಾಡಿಕೊಟ್ಟ ಕಾರಿಗೂ ಇದಕ್ಕೂ ಈಗ ಉಳಿದಿರುವ ಸಂಬಂಧ ಬಣ್ಣದ್ದೊಂದೇ.

ನಾನೂರ ಚಿಲ್ಲರೆ ಅಶ್ವಶಕ್ತಿಯ ವಿ-8 ಎಂಜಿನ್ನು. ಅದಕ್ಕೆ ಸೂಪರ್‌ಚಾರ್ಜರ್ ಕೂರಿಸಿ, ಅದರ ಪುಲ್ಲಿಯನ್ನು ಇನ್ನೂ ಚಿಕ್ಕದು ಮಾಡಿ, ಕಂಪ್ಯೂಟರಿಗೆ ಹೊಸ ಟ್ಯೂನ್ ಹಾಕಿಸಿ ಏಳುನೂರಕ್ಕೆ ಏರಿಸಿದ. 2015ರಲ್ಲೇ ಡಾಡ್ಜ್‌ನವರು 707 ಅಶ್ವಶಕ್ತಿಯ ಹೆಲ್‌ಕ್ಯಾಟನ್ನು ವಾರಂಟಿ ಸಮೇತ ಮಾರಿದ್ದರಲ್ಲ, ಅದನ್ನೇ ಕೊಳ್ಳಬಹುದಿತ್ತಲ್ಲ ಎಂದೆ. "ಅದು ರೆಡಿಮೇಡ್ ಭಾವ" ಎಂದು ಮುಖ ಸಿಂಡರಿಸಿದ. ಅವನದೂ ಪರಂಪರೆಯ ಮಾತೇ. ಈ ಇಡೀ ವಂಶ ಹುಟ್ಟಿದ್ದೇ 1964ರಲ್ಲಿ, ಮಧ್ಯಮ ಗಾತ್ರದ ಪಾಂಟಿಯಾಕ್ ಕಾರಿಗೆ 389 ಘನ ಇಂಚಿನ ದೊಡ್ಡ ಎಂಜಿನ್ ತುರುಕಿ ಅದನ್ನು ಜಿಟಿಒ ಎಂದು ಕರೆದಾಗ.

ಆದರೆ ಕಾರ್ಖಾನೆಯವರು ಹೊರಗೆ ಸೂಪರ್‌ಚಾರ್ಜರ್ ಇಟ್ಟರೆ ಒಳಗನ್ನೂ ಗಟ್ಟಿ ಮಾಡುತ್ತಾರೆ. 2003ರ ಮಸ್ಟಾಂಗ್ ಕೋಬ್ರಾಕ್ಕೆ ಬೀಡುಕಬ್ಬಿಣದ ಬ್ಲಾಕು, ಫೋರ್ಜ್ ಮಾಡಿದ ಪಿಸ್ಟನ್ನು ಹಾಕಿದ್ದರು. ನಮ್ಮವರು ಮಾತ್ರ ಹೊರಗೆ ಬೋಲ್ಟು ಬಿಗಿದು ಒಳಗಿನದನ್ನು ದೇವರಿಗೆ ಬಿಡುತ್ತಾರೆ. ದೇವರಿಗಿರುವ ಕೆಲಸ ನೋಡಿ: ನಿಮಿಷಕ್ಕೆ ಆರು ಸಾವಿರ ಸುತ್ತಿನಲ್ಲಿ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 200 ಸಲ ನಿಂತು, ತಿರುಗಿ ಓಡಬೇಕು. ಸುತ್ತು ಇಮ್ಮಡಿಯಾದರೆ ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ ನಾಲ್ಕು ಪಟ್ಟು. ಇದರ ಮೇಲೆ ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ತುಂಬಿದಾಗ ಹುಟ್ಟುವ ಶಾಖ ಬೇರೆ. ಮೇಲಿನ ಪಿಸ್ಟನ್ ರಿಂಗು ಕಾದು ಹಿಗ್ಗುತ್ತದೆ. ಅದರ ಎರಡು ತುದಿಗಳ ನಡುವೆ ಬಿಟ್ಟ ಕೂದಲೆಳೆಯ ಸಂದು ಮುಚ್ಚಿಹೋದರೆ ರಿಂಗು ಸಿಲಿಂಡರಿಗೆ ಕಚ್ಚಿಕೊಂಡು ಪಿಸ್ಟನ್ನಿನ ಅಂಚನ್ನೇ ಕಿತ್ತು ತರುತ್ತದೆ.

ಹಾಗೆ ಮೊದಲು ಹೋದದ್ದು ಒಂದು ಪಿಸ್ಟನ್. ಅದನ್ನವನು ತೊಳೆದು, ಒರೆಸಿ, ಷೋಕೇಸಿನಲ್ಲಿಟ್ಟ. ಹೆಂಡತಿ ಮೈಸೂರಿನವಳು, ನವರಾತ್ರಿಗೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳಿಗಾಗಿ ಜಾಗ ತೆರವು ಮಾಡಿಸಿದಳು. ಪಿಸ್ಟನ್ನು ಹೇಗೋ ಮೂರನೆಯ ಮೆಟ್ಟಿಲಿಗೆ ಬಂದು ಕೂತಿತ್ತು. ಅರಿಸಿನ ಕುಂಕುಮಕ್ಕೆ ಬಂದವರೊಬ್ಬರು ಅದಕ್ಕೂ ಕುಂಕುಮ ಇಟ್ಟು, "ಚನ್ನಪಟ್ಟಣದ್ದೇನ್ರೀ?" ಎಂದು ಕೇಳಿದರಂತೆ.

ಚಳಿಗಾಲವಿಡೀ ಎಂಜಿನ್ ಬಿಚ್ಚಿ, ಫೋರ್ಜ್ ಪಿಸ್ಟನ್ ಹಾಕಿಸಿ, ರಿಂಗಿನ ಸಂದು ಅಗಲ ಮಾಡಿಸಿದ. ವಸಂತದಲ್ಲಿ ಪೂಜೆಯಾಯಿತು. ನಿಂಬೆಹಣ್ಣಿನ ಮೇಲೆ ಮೆಲ್ಲಗೆ ಹತ್ತಿಸು ಎಂದು ಅತ್ತೆ ವಿಡಿಯೊ ಕಾಲಿನಲ್ಲಿ ಹೇಳುತ್ತಲೇ ಇದ್ದರು. ಏಳುನೂರು ಕುದುರೆಗಳಿಗೆ ಮೆಲ್ಲಗೆ ಎಂಬುದು ತಿಳಿಯದು. ಹಿಂದಿನ ಚಕ್ರದ ನಿಂಬೆಹಣ್ಣು ಎದುರುಮನೆಯ ಗ್ಯಾರೇಜ್ ಬಾಗಿಲಿಗೆ ಬಡಿಯಿತು. "ಮೈಲೇಜ್ ಎಷ್ಟು ಕೊಡುತ್ತಪ್ಪಾ?" ಎಂದು ಅತ್ತೆ ಕೇಳುತ್ತಿದ್ದಂತೆ ಕಾಲು ಕಟ್ಟಾಯಿತು. ನೆಟ್‌ವರ್ಕ್ ಎಂದ.

ಇಂಥ ಎಂಜಿನ್ನುಗಳ ತಮಾಷೆ ಇದೇ. ಒಂದನ್ನು ಗಟ್ಟಿ ಮಾಡಿದರೆ ಅದರ ಪಕ್ಕದ್ದು ದುರ್ಬಲವೆಂದು ಗೊತ್ತಾಗುತ್ತದೆ. ಹೊಸ ಪಿಸ್ಟನ್ನುಗಳು ಕಲ್ಲಿನಂತಿದ್ದವು. ಆಯಿಲ್ ಪಂಪಿನ ಗೇರುಗಳು ಮಾತ್ರ ಹಳೆಯವು, ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಾಯಿಸಿದವು. ಪಂಪು ಕೂತಿರುವುದು ಕ್ರ್ಯಾಂಕ್‌ಶಾಫ್ಟಿನ ಮೂತಿಯ ಮೇಲೆ. ಅದರ ಅದುರಾಟವೆಲ್ಲ ನೇರ ಈ ಗೇರುಗಳಿಗೆ.

ಆಗಸ್ಟಿನ ಮೂರನೆಯ ಶನಿವಾರ ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್. 1995ರಿಂದ ನಡೆಯುತ್ತಿರುವ ಈ ಕಾರುಗಳ ಜಾತ್ರೆಗೆ ನನ್ನನ್ನೂ ಕೂರಿಸಿಕೊಂಡು ಹೊರಟ. 1909ರಲ್ಲಿ ಅಮೆರಿಕದ ಮೊದಲ ಒಂದು ಮೈಲಿ ಕಾಂಕ್ರೀಟ್ ರಸ್ತೆ ಹಾಕಿದ್ದು ಇಲ್ಲೇ, ರಸ್ತೆಗೇನೂ ಕೊರತೆಯಿರಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಹಳೆಯ ಶೆವೆಲ್ ಗುರುಗುಟ್ಟಿತು. ಮರ್ಯಾದೆಯ ಪ್ರಶ್ನೆ. ಇವನೂ ಪೆಡಲ್ ಒತ್ತಿದ. ಮುಳ್ಳು ಕೆಂಪು ಗೆರೆಗೆ ಬಡಿದು ಬಡಿದು ಕುಣಿಯಿತು. ಪಂಪಿನ ಗೇರು ಚೂರಾಯಿತು, ಆಯಿಲ್ ಒತ್ತಡ ಸೊನ್ನೆಗಿಳಿಯಿತು. ಅವನು ಕೀಲಿ ತಿರುಗಿಸುವಷ್ಟರಲ್ಲಿ ಎಣ್ಣೆ ಕಾಣದ ಬೇರಿಂಗುಗಳು ಕಚ್ಚಿಕೊಂಡಿದ್ದವು, ಒಂದು ರಾಡು ಬ್ಲಾಕನ್ನು ತೂತು ಮಾಡಿ ಹೊರಗೆ ಇಣುಕಿತ್ತು.

ಪಕ್ಕಕ್ಕೆ ತಳ್ಳಿ ಬಾನೆಟ್ ಎತ್ತಿದ್ದೇ ತಡ, ಮಡಚುಕುರ್ಚಿಗಳಿಂದ ಜನ ಎದ್ದು ಬಂದರು. ಅಲ್ಲಿಯವರೆಗೆ ನಮ್ಮ ಕಾರನ್ನು ಯಾರೂ ತಿರುಗಿ ನೋಡಿರಲಿಲ್ಲ. ಎಪ್ಪತ್ತು ದಾಟಿದ ಒಬ್ಬ ಅಜ್ಜ ರಾಡಿನ ತುದಿ ಮುಟ್ಟಿ ನೋಡಿ, ಇವನ ಭುಜ ತಟ್ಟಿ, ತನ್ನ ತಂಪುಪೆಟ್ಟಿಗೆಯಿಂದ ಸೋಡಾ ಕೊಟ್ಟ. ಭಾವಮೈದ ಎಲ್ಲರಿಗೂ ರಿಂಗಿನ ಸಂದಿನಿಂದ ಶುರು ಮಾಡಿ ವಿವರಿಸತೊಡಗಿದ. ಅವನ ಮದುವೆಯ ಆರತಕ್ಷತೆಯಲ್ಲೂ ಆ ಕಳೆ ಮುಖದಲ್ಲಿರಲಿಲ್ಲ.

ಟೋ ಟ್ರಕ್ ಬರುವಾಗ ಸಂಜೆಯಾಗಿತ್ತು. ಚಾಲಕ ಕೊಕ್ಕೆ ಹಾಕುವ ಮುನ್ನ ಬ್ಲಾಕಿನ ತೂತಿಗೆ ಟಾರ್ಚ್ ಹಿಡಿದ. "ಇದೇನು ಮಹಾ!" ಎಂದು ಮೊಬೈಲ್ ತೆಗೆದು, ತನ್ನ ಎಂಜಿನ್ನಿಗೆ ಬಿದ್ದ ಎರಡು ತೂತುಗಳ ಫೋಟೊ ತೋರಿಸಲು ನಿಂತ. ನಮ್ಮ ಹಿಂದಿದ್ದವರೆಲ್ಲ ಹಾರ್ನ್ ಹೊಡೆಯುತ್ತಿದ್ದರು.