ಬುಕ್ ವ್ಯಾಲ್ಯೂ ಭಾವ

ದೊಡ್ಡ ಕಂಪನಿಯ ಷೇರು ಇಟ್ಟುಕೊಂಡವರಿಂದ ಯಾರಿಗೂ ತೊಂದರೆಯಿಲ್ಲ. ಟಾಟಾ, ಇನ್ಫೋಸಿಸ್ ಅಂತ ಒಂದಷ್ಟು ಕೊಂಡು ಮರೆತುಬಿಡುತ್ತಾರೆ. ಡಿವಿಡೆಂಡ್ ಬಂದ ದಿನ ಮನೆಯವರಿಗೊಂದು ಮಸಾಲೆದೋಸೆ ಕೊಡಿಸಿದರೆ ಮುಗಿಯಿತು. ಕಾಟ ಇರುವುದು ಸಣ್ಣ ಬ್ಯಾಂಕಿನ ಷೇರು ಕೊಂಡವರದ್ದು. ಆ ಬ್ಯಾಂಕಿಗೆ ಮನೆಮಗಳನ್ನೇ ಧಾರೆಯೆರೆದು ಕೊಟ್ಟವರ ಹಾಗೆ ಆಡುತ್ತಾರೆ. ಅಳಿಯ ಎಷ್ಟೇ ಪುಂಡನಾಗಲಿ, ಅವನ ಮೇಲೆ ಯಾರೂ ಒಂದು ಮಾತು ಆಡಕೂಡದು.

ಬೆಳಗಿನ ವಾಕಿಂಗಿನಲ್ಲಿ, ಕ್ಷೌರದಂಗಡಿಯ ಬೆಂಚಿನ ಮೇಲೆ, ಶ್ರಾದ್ಧದ ಊಟದ ಪಂಕ್ತಿಯಲ್ಲಿ ಇಂಥವರು ನಿಮಗೂ ಸಿಕ್ಕಿರುತ್ತಾರೆ. ನನಗೆ ಸಿಕ್ಕಿದವರು ಹೆಂಡತಿಯ ಅಣ್ಣ. ವಾಕಿಂಗಿನವರಾದರೆ ದಾರಿ ಬದಲಿಸಬಹುದು, ಹೆಂಡತಿಯ ಅಣ್ಣನನ್ನು ಏನು ಮಾಡುತ್ತೀರಿ? ಉಡುಪಿ ಕಡೆಯವರು, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಮನೆಯ ಮಕ್ಕಳು ಅವರಿಗಿಟ್ಟಿರುವ ಹೆಸರು ಬುಕ್ ವ್ಯಾಲ್ಯೂ ಮಾವ. ನನಗೆ ಭಾವ.

ರಿಸರ್ವ್ ಬ್ಯಾಂಕು 2015ರ ಸೆಪ್ಟೆಂಬರಿನಲ್ಲಿ ಹತ್ತು ಸಂಸ್ಥೆಗಳಿಗೆ ಸ್ಮಾಲ್ ಫೈನಾನ್ಸ್ ಬ್ಯಾಂಕ್ ತೆರೆಯಲು ಒಪ್ಪಿಗೆ ಕೊಟ್ಟಿತಲ್ಲ, ಅಲ್ಲಿಂದ ಶುರುವಾದ ವ್ಯಾಧಿ ಇದು. ಹತ್ತರಲ್ಲಿ ಎಂಟು ಅದುವರೆಗೆ ಹೆಂಗಸರ ಗುಂಪುಗಳಿಗೆ ಸಾಲ ಕೊಡುತ್ತಿದ್ದ ಮೈಕ್ರೋಫೈನಾನ್ಸ್ ಸಂಸ್ಥೆಗಳು. ನಮ್ಮ ಬೆಂಗಳೂರಿನ ಉಜ್ಜೀವನ್, ಜನಲಕ್ಷ್ಮಿ ಎರಡೂ ಆ ಪಟ್ಟಿಯಲ್ಲಿದ್ದವು. ಕೊಟ್ಟ ಸಾಲದಲ್ಲಿ ಅರ್ಧದಷ್ಟಾದರೂ 25 ಲಕ್ಷದೊಳಗಿನ ಸಾಲಗಳೇ ಇರಬೇಕೆಂದು ಕಟ್ಟಳೆ. ಈ ಗುಂಪಿನ ಒಂದು ಬ್ಯಾಂಕಿನ ಮೇಲೆ ಭಾವನ ಕಣ್ಣು ಬಿತ್ತು. ಯಾವುದೆಂದು ಹೇಳಲಾರೆ. ಹೇಳಿದರೆ ನಿಮ್ಮಲ್ಲಿ ಕೆಲವರು ಕೊಳ್ಳುತ್ತೀರಿ, ಕೆಲವರು ಮಾರುತ್ತೀರಿ, ಎರಡಕ್ಕೂ ಭಾವ ನನ್ನನ್ನು ಹಿಡಿದುಕೊಳ್ಳುತ್ತಾರೆ.

ಅವರ ವಾದ ಸರಳ. "ನೋಡು ಮಾರಾಯ, ಬುಕ್ ವ್ಯಾಲ್ಯೂ ಅರವತ್ತು. ಮಾರ್ಕೆಟ್ಟಿನಲ್ಲಿ ನಲವತ್ತಕ್ಕೆ ಸಿಗ್ತದೆ. ಬ್ಯಾಂಕನ್ನು ಇವತ್ತೇ ಮುಚ್ಚಿ ಹಂಚಿದ್ರೂ ನಮಗೆ ಇಪ್ಪತ್ತು ಲಾಭ."

"ಮುಚ್ಚಿ ಹಂಚಿದರೆ ಸಾಲ ತಗೊಂಡವರು ವಾಪಸು ಕೊಡ್ತಾರಾ?" ಅಂತ ನಾನೊಮ್ಮೆ ಕೇಳಿದೆ. ಅವತ್ತು ರಾತ್ರಿ ಊಟಕ್ಕೆ ಕೂರುವಾಗ ಹತ್ತೂಮುಕ್ಕಾಲು. ಗ್ರಾಸ್ ಎನ್‌ಪಿಎ, ನೆಟ್ ಎನ್‌ಪಿಎ, ನಡುವೆ ಪ್ರಾವಿಷನ್ನು, ಪ್ರಾವಿಷನ್ ಕವರೇಜು, ಎಲ್ಲ ಮುಗಿಯುವಷ್ಟರಲ್ಲಿ ಸಾರು ಎರಡು ಸಲ ಬಿಸಿಯಾಗಿತ್ತು. ಭಾವನ ಹೆಂಡತಿ ಮಾತ್ರ ಒಂದೇ ವಾಕ್ಯದಲ್ಲಿ ಮುಗಿಸಿದರು: "ಅರವತ್ತರ ಮಾಲಾದ್ರೆ ಅರವತ್ತಕ್ಕೆ ಯಾರಿಗಾದ್ರೂ ಮಾರಿ ಬನ್ನಿ, ಬಚ್ಚಲುಮನೆ ಟೈಲ್ಸ್ ಹಾಕಿಸ್ಬೇಕು."

ನಾನೂ ಆ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದೇನೆ, ದೊಡ್ಡ ಬ್ಯಾಂಕಿಗಿಂತ ಒಂದಿಷ್ಟು ಬಡ್ಡಿ ಜಾಸ್ತಿ ಅಂತ. ವಿಮೆಯ ರಕ್ಷಣೆ 5 ಲಕ್ಷಕ್ಕೆ, ಅದೂ ಅಸಲು ಬಡ್ಡಿ ಸೇರಿ. ಹಾಗಾಗಿ ಅವಧಿ ಮುಗಿದಾಗ ಬರುವ ಬಡ್ಡಿಯನ್ನೂ ಕೂಡಿಸಿ, ಒಟ್ಟು ಆ ಗೆರೆ ದಾಟದ ಹಾಗೆ ಕ್ಯಾಲ್ಕುಲೇಟರ್ ಹಿಡಿದು ಇಟ್ಟಿದ್ದೇನೆ. ಭಾವನ ದೃಷ್ಟಿಯಲ್ಲಿ ನನ್ನಂಥ ಹೇಡಿ ಇನ್ನೊಬ್ಬನಿಲ್ಲ. "ನೀನು ಬ್ಯಾಂಕನ್ನು ನಂಬಿದ್ದಲ್ಲ, ಇನ್ಶೂರೆನ್ಸನ್ನು ನಂಬಿದ್ದು" ಅನ್ನುತ್ತಾರೆ. ಮಾತು ನಿಜ. ಷೇರಿಗೆ ವಿಮೆಯಿಲ್ಲ ಎಂಬುದು ಅವರಿಗೆ ಗೊತ್ತಿದೆ, ಅದರಲ್ಲೇ ಅವರಿಗೆ ಹೆಮ್ಮೆ.

ತಿಂಗಳಿಗೊಮ್ಮೆ ಯಾವುದಾದರೊಂದು ಶಾಖೆಗೆ ಹೋಗಿ ಟೋಕನ್ ತೆಗೆದು ಕೂರುತ್ತಾರೆ. ಕೆಲಸವೇನೂ ಇರುವುದಿಲ್ಲ. ಎಷ್ಟು ಜನ ಬಂದರು, ಎಸಿ ಎಷ್ಟರಲ್ಲಿಟ್ಟಿದ್ದಾರೆ, ಖರ್ಚು ಎಲ್ಲಿ ಪೋಲಾಗುತ್ತಿದೆ ಅಂತ ನೋಡುತ್ತಾರೆ. ಒಂದು ಸಲ ಎದ್ದು ಹೋಗಿ ಎರಡು ಫ್ಯಾನ್ ಆರಿಸಿ ಬಂದರಂತೆ. ಕಲಬುರಗಿಯಲ್ಲಿ ಮಳೆ ಹೋಯಿತೆಂದರೆ ಇವರಿಗೆ ಬಸವನಗುಡಿಯಲ್ಲಿ ನಿದ್ದೆ ಹೋಗುತ್ತದೆ, ತೊಗರಿಯ ಚಿಂತೆಯಿಂದಲ್ಲ.

ಇಷ್ಟಾದರೂ ಸಹಿಸುತ್ತಿದ್ದೆ. ಕಾನ್‌ಕಾಲ್ ಒಂದು ಇಲ್ಲದಿದ್ದರೆ.

ಬ್ಯಾಂಕುಗಳು ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಿದ ಮೇಲೆ ಫೋನಿನಲ್ಲಿ ಒಂದು ಸಭೆ ನಡೆಸುತ್ತವೆ. ಆ ಕಡೆ ಎಂ.ಡಿ., ಸಿಎಫ್‌ಓ ಇತ್ಯಾದಿ. ಈ ಕಡೆ ಮುಂಬಯಿಯ ಫಂಡಿನವರು, ಬ್ರೋಕರೇಜಿನ ಎಂಬಿಎ ಹುಡುಗರು. ಪ್ರಶ್ನೆ ಕೇಳಬೇಕಾದರೆ ಸ್ಟಾರ್ ಒತ್ತಿ ಒಂದು ಒತ್ತಬೇಕು. ಮೊದಲು 'ಕಂಗ್ರಾಟ್ಸ್ ಆನ್ ಎ ಗುಡ್ ಸೆಟ್ ಆಫ್ ನಂಬರ್ಸ್' ಅನ್ನುವುದು ಶಾಸ್ತ್ರ. ನಷ್ಟ ಬಂದಿದ್ದರೂ ಕೆಲವರು ಅಭ್ಯಾಸಬಲದಿಂದ ಅಂದುಬಿಡುತ್ತಾರೆ. ಯಾರು ಬೇಕಾದರೂ ಕೇಳಿಸಿಕೊಳ್ಳಬಹುದಾದ ಸಭೆಯೇ, ಆದರೆ ಸ್ವಂತ ದುಡ್ಡಿನವರು ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ. ಭಾವ ಬಿಡುತ್ತಾರೆ.

ನನ್ನ ದೊಡ್ಡ ಮಗಳ ಮದುವೆ ಜನವರಿ ಕೊನೆಯಲ್ಲಿ ಇತ್ತು. ಮುಹೂರ್ತ ಹನ್ನೊಂದು ಇಪ್ಪತ್ತಕ್ಕೆ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ಅಂದರೆ ಭಾವ. ಬೆಳಗಿನಿಂದ ಜರಿಪಂಚೆ ಉಟ್ಟು, ಶಲ್ಯ ಹೊದ್ದು, ಯಾರು ಕಂಡರೂ ತಿಂಡಿ ಆಯಿತೇ ಎಂದು ಕೇಳುತ್ತ ಛತ್ರದ ತುಂಬ ಓಡಾಡಿಕೊಂಡಿದ್ದರು. ನೋಡಿ ನನಗೂ ಹೆಮ್ಮೆಯಾಗಿತ್ತು. ಅಂತರಪಟ ಹಿಡಿದರು. ವರ ಜೀರಿಗೆಬೆಲ್ಲ ಮುಷ್ಟಿಯಲ್ಲಿ ಹಿಡಿದು ನಿಂತ. ಪುರೋಹಿತರು ಮೈಕಿನಲ್ಲಿ "ಸೋದರಮಾವ ಎಲ್ಲಿ? ಸೋದರಮಾವನವರು ಬರಬೇಕು" ಎಂದು ಕೂಗಿದರು. ಮತ್ತೆ ಕೂಗಿದರು. ಆಮೇಲೆ ಓಲಗದವರಿಗೆ ಜೋರಾಗಿ ನುಡಿಸಲು ಹೇಳಿದರು, ಎಲ್ಲಿದ್ದರೂ ಕೇಳಲಿ ಅಂತ.

ಹುಡುಕಿಕೊಂಡು ಹೋದವನು ನಾನು. ಉಗ್ರಾಣದಲ್ಲಿ, ತಾಂಬೂಲದ ತೆಂಗಿನಕಾಯಿ ಮೂಟೆಯ ಮೇಲೆ ಕೂತಿದ್ದರು. ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಬೆರಳು. ಮಡಿಲಲ್ಲಿ ಲಗ್ನಪತ್ರಿಕೆ, ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಮೂರು ಪ್ರಶ್ನೆ. ನನ್ನನ್ನು ಕಂಡವರೇ ಎರಡು ಬೆರಳೆತ್ತಿದರು. ಎರಡು ನಿಮಿಷ ಅಂತಲೋ, ಸರದಿಯಲ್ಲಿ ಎರಡನೆಯವರು ಅಂತಲೋ ತಿಳಿಯಲಿಲ್ಲ.

"ಭಾವ, ಮುಹೂರ್ತ!"

"ಕಲೆಕ್ಷನ್ ಎಫಿಶಿಯೆನ್ಸಿ ಹೇಳ್ತಾ ಇದ್ದಾರೆ" ಎಂದು ಪಿಸುಗುಟ್ಟಿದರು, ಅಲ್ಲೇನೋ ಆಕಾಶವಾಣಿ ಆಗುತ್ತಿರುವ ಹಾಗೆ.

ಅಷ್ಟರಲ್ಲಿ ಅವರ ಸರದಿ ಬಂತು. ಇಂಡಿವಿಜುವಲ್ ಇನ್ವೆಸ್ಟರ್, ಬಸವನಗುಡಿ, ಎಂದು ಗತ್ತಿನಲ್ಲಿ ಪರಿಚಯ ಹೇಳಿಕೊಂಡು, ಕಂಗ್ರಾಟ್ಸ್ ಹೇಳಿ, ತುಮಕೂರು ಕಡೆಯ ಬಾಕಿ ಯಾಕೆ ಏರಿದೆ ಎಂದು ಬಾಯಿ ತೆರೆದರೋ ಇಲ್ಲವೋ, ನಾನು ಬಾಗಿಲು ತೆರೆದೇ ಬಿಟ್ಟಿದ್ದರಿಂದ, ನಾಗಸ್ವರ ಡೋಲು ಸಮೇತ ಗಟ್ಟಿಮೇಳ ಒಳಗೆ ನುಗ್ಗಿತು. ಆ ಕಡೆಯ ಹುಡುಗಿ ಬಲು ಮರ್ಯಾದೆಯಿಂದ, ನಿಮ್ಮ ಲೈನಿನಿಂದ ಹಿನ್ನೆಲೆ ಸದ್ದು ಬರುತ್ತಿದೆ, ದಯವಿಟ್ಟು ಮ್ಯೂಟ್ ಮಾಡಿಕೊಳ್ಳಿ ಅಂದಳು. ಮ್ಯೂಟ್ ಮಾಡಿಕೊಂಡರೆ ಪ್ರಶ್ನೆ ಕೇಳುವುದು ಹೇಗೆ? ಭಾವ ಫೋನು ಹಿಡಿದುಕೊಂಡೇ ಎದ್ದು, ನನ್ನ ಮಗಳ ಕೈಹಿಡಿದು, ತುಮಕೂರಿನ ಬಾಕಿಯ ಉತ್ತರ ಕೇಳಿಸಿಕೊಳ್ಳುತ್ತಲೇ ಅವಳನ್ನು ಮಂಟಪಕ್ಕೆ ತಂದರು. ವೀಡಿಯೋದಲ್ಲಿ ನೋಡಿದವರು, ಪಾಪ ಸೋದರಮಾವನಿಗೆ ಕಿವಿನೋವು, ಅಂದುಕೊಂಡಿದ್ದಾರೆ.

ಈ ಕಾಲ್‌ಗಳ ಮಾತುಕತೆಯನ್ನು ಅಕ್ಷರಕ್ಕಿಳಿಸಿ ಷೇರುಪೇಟೆಗೆ ಸಲ್ಲಿಸುವುದು ನಿಯಮ. ಹಾಗಾಗಿ ನನ್ನ ಮಗಳ ಮದುವೆಯ ದಾಖಲೆ ಆಲ್ಬಮ್ಮಿನಲ್ಲೊಂದು, ಷೇರುಪೇಟೆಯ ಕಡತದಲ್ಲೊಂದು, ಹೀಗೆ ಎರಡು ಕಡೆ ಇದೆ. ಎರಡನೆಯದನ್ನು ಭಾವ ಪ್ರಿಂಟ್ ತೆಗೆಸಿ ಫೈಲ್ ಮಾಡಿಟ್ಟಿದ್ದಾರೆ. ಫಲಿತಾಂಶವನ್ನು ತ್ರೈಮಾಸಿಕ ಮುಗಿದ 45 ದಿನದೊಳಗೆ ಪ್ರಕಟಿಸಬೇಕೆಂದು ಸೆಬಿಯ ಕಟ್ಟಳೆ. ವರ್ಷದ ಲೆಕ್ಕಕ್ಕೆ 60 ದಿನ. ಎರಡನೆಯ ಮಗಳ ಮದುವೆಗೆ ಪಂಚಾಂಗದ ಜೊತೆ ಇದನ್ನೂ ನೋಡಿಕೊಂಡೇ ದಿನ ಗೊತ್ತುಮಾಡಬೇಕು.

ಇವರಿಗೆ ದುಡ್ಡಿನಾಸೆ ಎಂದು ಬಹಳ ದಿನ ತಿಳಿದುಕೊಂಡಿದ್ದೆ. ಹಾಗಿದ್ದರೆ ಮಾರಬೇಕಿತ್ತಲ್ಲ? ಬೆಲೆ ಏರಿದಾಗಲೂ ಮಾರಲಿಲ್ಲ, ಇಳಿದಾಗಲೂ ಮಾರಲಿಲ್ಲ. ಬಚ್ಚಲುಮನೆಗೆ ಟೈಲ್ಸ್ ಇವತ್ತಿಗೂ ಬಂದಿಲ್ಲ.

ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿ ದೊಡ್ಡ ಹೆಸರು ಮಾಡಿದ ಬ್ಯಾಂಕುಗಳು ಐದು. ಕೆನರಾ, ಕಾರ್ಪೊರೇಷನ್ ಎರಡೂ 1906ರವು; ಕರ್ಣಾಟಕ 1924, ಸಿಂಡಿಕೇಟ್ 1925, ವಿಜಯಾ 1931. ಈಗ ಹೆಸರುಳಿದಿರುವುದು ಕೆನರಾ, ಕರ್ಣಾಟಕ ಎರಡೇ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಭಾವ ದುಡಿದದ್ದು ಹೆಸರು ಹೋದವುಗಳಲ್ಲಿ ಒಂದರಲ್ಲಿ. ಅದು ಹೋದಾಗ ಲಾಕ್‌ಡೌನ್. ಮೂವತ್ತು ಚಿಲ್ಲರೆ ವರ್ಷ ದುಡಿದ ಬ್ಯಾಂಕಿನ ಹೆಸರು ಹೋದ ದಿನ ಬಾಲ್ಕನಿಯಲ್ಲಿ ನಿಂತಿದ್ದರಂತೆ. "ಯಾರಾದ್ರೂ ತೀರಿಕೊಂಡ್ರೆ ಇಪ್ಪತ್ತು ಜನಕ್ಕಾದ್ರೂ ಪರ್ಮಿಶನ್ ಇತ್ತು ಮಾರಾಯ" ಎಂದು ನಗುತ್ತ ಹೇಳಿದರು. ಅವರು ನಗುತ್ತ ಹೇಳಿದ್ದರಿಂದ ನಾನೂ ನಗಬೇಕಾಯಿತು.

ಅವರು ಕೆಲಸಕ್ಕೆ ಸೇರಿದಾಗ ಮೊದಲು ಕೂರಿಸಿದ್ದು ಪಿಗ್ಮಿ ಲೆಕ್ಕಕ್ಕೆ. 1928ರಲ್ಲಿ ಸಿಂಡಿಕೇಟಿನವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಎತ್ತಲು ಶುರುಮಾಡಿದ ಠೇವಣಿ ಅದು. ಆಮೇಲೆ ಎಲ್ಲರೂ ಮಾಡಿದರು. ಮೀನು ಮಾರುವವಳ ಚಿಲ್ಲರೆಯ ವಾಸನೆಯಿಂದಲೇ ಯಾವ ಬೀದಿಯ ಕಲೆಕ್ಷನ್ ಎಂದು ಹೇಳುತ್ತಿದ್ದರಂತೆ. ಈಗ ಸಣ್ಣ ಬ್ಯಾಂಕಿನ ಹುಡುಗ ಬೈಕಿನಲ್ಲಿ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಟ್ಯಾಬು ಹಿಡಿದು ಗಲ್ಲಿಯೊಳಗೆ ನುಗ್ಗುವುದನ್ನು ಕಂಡರೆ ನಿಂತು ನೋಡುತ್ತಾರೆ. ನಾನು ಜೊತೆಯಲ್ಲಿದ್ದರೆ ನನ್ನನ್ನೂ ನಿಲ್ಲಿಸುತ್ತಾರೆ, ಬಿಸಿಲಿನಲ್ಲಿ.

ಅವರ ಮನೆಯ ಕೆಲಸದವಳು ಅವರು ಷೇರು ಕೊಂಡ ಬ್ಯಾಂಕಿನದೇ ಸಾಲಗಾರ್ತಿ. ಗುಂಪು ಸಾಲ, ನಲವತ್ತು ಸಾವಿರ, ಅಡವೇನೂ ಇಲ್ಲ. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರ ತಲೆಗೆ. ಇದು ಗೊತ್ತಾದ ದಿನದಿಂದ ಭಾವ ಅವಳಿಗೆ ವಿಶೇಷ ಮರ್ಯಾದೆ ಕೊಡತೊಡಗಿದರು. "ಕಂತು ಕಟ್ಟಿದಿಯೇನಮ್ಮ?" ಅಂತ ತಪ್ಪದೆ ವಿಚಾರಣೆ. ಅವಳಿಗೆ ಇವರು ಬ್ಯಾಂಕಿನ ಮಾಲೀಕರೆಂದೇ ನಂಬಿಕೆ. ಇವರೂ ತಿದ್ದಲಿಲ್ಲ.

ಆಮೇಲೆ 2025ರ ಜನವರಿ ಬಂತು. ಮೈಸೂರು, ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಸಾಲದ ಕಾಟಕ್ಕೆ ಮನೆಗೆ ಬೀಗ ಹಾಕಿ ಜನ ಊರು ಬಿಟ್ಟ ಸುದ್ದಿಗಳು ಪತ್ರಿಕೆಯಲ್ಲಿ. ಫೆಬ್ರವರಿ 12ರಂದು ರಾಜ್ಯದ ಸುಗ್ರೀವಾಜ್ಞೆ: ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನ ನೋಂದಣಿ ಇರುವವರಿಗೆ ಇದು ಅನ್ವಯಿಸುವುದಿಲ್ಲ ಎಂದು ಭಾವ ಕಲಂ ಸಮೇತ ನಮಗೆಲ್ಲ ಓದಿ ಹೇಳಿದರು. ಷೇರುಪೇಟೆಗೆ ಕಲಂ ಓದುವ ತಾಳ್ಮೆ ಎಲ್ಲಿ? ಬೆಲೆ ಬಿತ್ತು. ಭಾವ ಬೆಲೆಯ ಮಾತೇ ಎತ್ತಲಿಲ್ಲ. ಬೀಗ ಹಾಕಿದ ಮನೆಯ ಪಟವನ್ನು ಪತ್ರಿಕೆಯಿಂದ ಕತ್ತರಿಸಿ ಕಾನ್‌ಕಾಲ್ ಫೈಲಿನೊಳಗೆ ಇಟ್ಟುಕೊಂಡರು. ಇವರ ಬ್ಯಾಂಕು ಆ ಊರಿನಲ್ಲಿ ಸಾಲ ಕೊಟ್ಟಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಆ ತಿಂಗಳೇ ಕೆಲಸದವಳ ಗಂಡ ಜಾರಿಬಿದ್ದು ಕೈ ಮುರಿದುಕೊಂಡ. ಕಂತು ಎರಡು ಸಾವಿರದ ಚಿಲ್ಲರೆ. ಭಾವ ಒಳಗೆ ಹೋಗಿ, ಪೆನ್ಷನ್ ಹಣದಿಂದ ಎಣಿಸಿ ತಂದು ಕೊಟ್ಟರು. ಮುಂದಿನ ತಿಂಗಳೂ ಕೊಟ್ಟರು. ಮೂರನೆಯ ತಿಂಗಳು ನಾನೂ ಅಲ್ಲೇ ಕೂತಿದ್ದೆ.

"ಹಳೇ ಸಾಲ ತೀರಿಸ್ಲಿಕ್ಕೆ ಹೊಸ ಸಾಲ ಕೊಡೂದು. ಇದಕ್ಕೆ ಎವರ್‌ಗ್ರೀನಿಂಗ್ ಅಂತ ಹೇಳೂದು" ಎಂದರು ನನಗೆ, ತಗ್ಗಿದ ದನಿಯಲ್ಲಿ. "ಸರ್ವಿಸಿನಲ್ಲಿದ್ದಾಗ ಇದೇ ಕಾರಣಕ್ಕೆ ಇಬ್ರಿಗೆ ಮೆಮೋ ಕೊಟ್ಟಿದ್ದೇನೆ."

ಅವಳು ನೋಟು ಸೆರಗಿಗೆ ಕಟ್ಟಿಕೊಳ್ಳುತ್ತ ಕೇಳಿದಳು: "ಅಣ್ಣಾ, ನಿಮ್ ಬ್ಯಾಂಕಿನ್ ಷೇರು ಒಂದುಕ್ಕೆ ಏಟು?"

"ನಲವತ್ತು."

"ಈ ದುಡ್ಡಿಗೆ ಐವತ್ತು ಬತ್ತಿತ್ತಲ್ಲ!"

ನನ್ನೆದುರಿಗೆ ಭಾವನಿಗೆ ಉತ್ತರ ಹೊಳೆಯದೆ ಹೋದದ್ದು ಅದೊಂದೇ ಸಲ.

ಅಂತೂ ಅವಳ ಸಾಲ ತೀರಿತು. ತೀರಿದ ವಾರವೇ ಬೈಕಿನ ಹುಡುಗ ಅವಳನ್ನು ಹುಡುಕಿಕೊಂಡು ಭಾವನ ಗೇಟಿಗೇ ಬಂದ. ಕ್ಲೀನ್ ರೆಕಾರ್ಡು, ಈ ಸಲ ಎಪ್ಪತ್ತು ಸಾವಿರ ಸ್ಯಾಂಕ್ಷನ್ ಆಗುತ್ತದೆ, ಹೆಬ್ಬೆಟ್ಟು ಒತ್ತಿದರೆ ಸಾಕು. ಹುಡುಗನ ಬೆನ್ನಿನ ಬ್ಯಾಗಿನ ಮೇಲೆ ಬ್ಯಾಂಕಿನ ಹೆಸರು. ಭಾವ ಗೇಟು ತೆರೆಯಲೇ ಇಲ್ಲ. ಮನೆಯ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದೆಂಬ 2022ರ ಆರ್‌ಬಿಐ ನಿಯಮ ಗೊತ್ತುಂಟಾ, ಅವಳ ಗಂಡನ ಕೈ ನೋಡಿದ್ದೀಯಾ, ನಿನ್ನ ಮ್ಯಾನೇಜರನ ನಂಬರ್ ಕೊಡು ಎಂದು ಕಂಬಿಯ ಆಚೆಯಿಂದಲೇ ಬಯ್ದು ಅಟ್ಟಿದರು. ಹೋಗುವಾಗ ಮಜ್ಜಿಗೆ ಬೇಕಾ ಅಂತಲೂ ಕೇಳಿದರಂತೆ. ಹುಡುಗ ನಿಲ್ಲಲಿಲ್ಲ.

ಮುಂದಿನ ಕಾನ್‌ಕಾಲಿಗೆ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಸ್ಪೀಕರಿಗೆ ಹಾಕಿದ್ದರು. ಸ್ಟಾರ್ ಒತ್ತಿದರು, ಒಂದು ಒತ್ತಿದರು. ಇಂಡಿವಿಜುವಲ್ ಇನ್ವೆಸ್ಟರ್, ಬಸವನಗುಡಿ. ಕಂಗ್ರಾಟ್ಸ್ ಹೇಳಿ, ಗಂಟಲು ಸರಿಮಾಡಿಕೊಂಡು, ಬೆಂಗಳೂರು ದಕ್ಷಿಣದಲ್ಲಿ ಸಾಲ ವಿತರಣೆ ಯಾಕೆ ಇಷ್ಟು ಮಂದವಾಗಿದೆ, ಫೀಲ್ಡ್ ಸ್ಟಾಫ್ ಸರಿಯಾಗಿ ಮನೆಮನೆಗೆ ಹೋಗುತ್ತಿದ್ದಾರೋ ಇಲ್ಲವೋ, ಎಂದು ಕೇಳಿದರು.